ಕಾರಿನ ಹೆಸರು ಸಿಕ್ತು, ಅಜ್ಜಿಯದು?

ಹಳೇ ಆಲ್ಬಮ್ಮಿನ ಒಂದು ಕಪ್ಪು ಬಿಳುಪು ಫೋಟೋವನ್ನ ಹಳೇ ಕಾರುಗಳ ಹುಚ್ಚಿರುವವರ ಕೈಗೆ ಕೊಟ್ಟು ನೋಡಿ. ಮದುಮಗನ ಭುಜದ ಹಿಂದೆ ಅರ್ಧ ಬಾನೆಟ್ಟು, ಒಂದು ಹೆಡ್‌ಲೈಟು, ಗೇಣಗಲ ಮುಂದಿನ ಗಾಜು ಕಂಡರೆ ಸಾಕು. "ಮಾರಿಸ್ ಮೈನರ್. ಹೆಡ್‌ಲೈಟು ಮಡ್‌ಗಾರ್ಡ್ ಮೇಲೆ ಬಂದಿದೆ, ಹಂಗಾಗಿ 1950ರ ನಂತರದ್ದು. ಗಾಜು ಎರಡು ತುಂಡು, ಹಂಗಾಗಿ 1956ಕ್ಕಿಂತ ಮುಂಚಿನದು" ಅಂತ ತೀರ್ಪು ಬಂದೇಬಿಡುತ್ತೆ. ತೀರ್ಪು ಸರಿಯಾಗೇ ಇರುತ್ತೆ. 1948ರಲ್ಲಿ ಬಂದ ಮೊದಲ ಮೈನರ್‌ಗಳಿಗೆ ಹೆಡ್‌ಲೈಟು ಕೆಳಗೆ, ಜಾಲರಿಯ ಪಕ್ಕದಲ್ಲೇ ಇತ್ತು. ಆಮೇಲೆ ಮೇಲಕ್ಕೆ ಹೋಯ್ತು. 1956ರಲ್ಲಿ ಮೈನರ್ 1000 ಬಂದಾಗ ಗಾಜು ಒಂದೇ ಆಯ್ತು.

ನನಗೂ ಈ ಆಟ ಇಷ್ಟ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಭಾನುವಾರ ಬೆಳಗ್ಗೆ ಹಳೇ ಕಾರಿನ ರ‍್ಯಾಲಿ ನೋಡೋಕೆ ಓಡುವ ಗೆಳೆಯರು ನಮ್ಮಲ್ಲಿ ಬಹಳ ಜನ ಇದ್ದಾರೆ. ಧರ್ಮಸ್ಥಳಕ್ಕೆ ಹೋದರೆ ಮಂಜುನಾಥನ ದರ್ಶನಕ್ಕಿಂತ ಜಾಸ್ತಿ ಹೊತ್ತು ಅಲ್ಲಿನ ಕಾರು ಸಂಗ್ರಹದಲ್ಲಿ ಕಳೆಯುವವರೂ ಇದ್ದಾರೆ. ಇವರು ತಮ್ಮ ಕುಟುಂಬದ ಫೋಟೋಗಳನ್ನ ಸ್ಕ್ಯಾನ್ ಮಾಡಿ, ಕಾರು ಗುರುತಿಸಿ, ಇಸವಿ ಹಾಕಿ ಇಡೋದು ಒಳ್ಳೇ ಕೆಲಸವೇ. ನನ್ನ ತಕರಾರು ಅವರು ಕಾರಿನ ಇಸವಿಯನ್ನೇ ಫೋಟೋದ ಇಸವಿ ಅಂತ ಬರೆಯುವುದರ ಬಗ್ಗೆ. ಜೊತೆಗೆ, ಇಸವಿ ಸಿಕ್ಕಿದ ಕೂಡಲೇ ಫೋಟೋ ನೋಡೋದನ್ನೇ ನಿಲ್ಲಿಸಿಬಿಡುವುದರ ಬಗ್ಗೆ.

ಮೊದಲು ಈ ವಿದ್ಯೆಯ ಪರವಾಗಿ ಒಂದು ಮಾತು. ಮನೆತನದ ದಂತಕತೆಗಳನ್ನ ಒಡೆಯೋಕೆ ಇದರಷ್ಟು ಚೂಪಾದ ಆಯುಧ ಇನ್ನೊಂದಿಲ್ಲ. ಎಷ್ಟೋ ಮನೆಗಳಲ್ಲಿ ಒಂದು ಕತೆ ಇರುತ್ತೆ: "ನಮ್ಮ ಮುತ್ತಜ್ಜನಿಗೆ ಬ್ರಿಟಿಷ್ ಕಲೆಕ್ಟರ್ ಖುಷಿಯಾಗಿ ಈ ಕಾರು ಕೊಟ್ಟಿದ್ದ." ಫೋಟೋ ನೋಡಿದರೆ ನಿಂತಿರೋದು ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್. ಅದು ಹೊರಬಂದದ್ದು 1954ರಲ್ಲಿ. ಅಷ್ಟೊತ್ತಿಗೆ ಕಲೆಕ್ಟರ್ ಸಾಹೇಬ ಇಂಗ್ಲೆಂಡಿಗೆ ಹೋಗಿ ಏಳು ವರ್ಷ ಆಗಿರಬೇಕು! ಕತೆ ಬಿತ್ತು. ಕಬ್ಬಿಣಕ್ಕೆ ಸುಳ್ಳು ಹೇಳೋಕೆ ಬರಲ್ಲ.

ತೊಂದರೆ ಇರೋದು ಪದ್ಧತಿಯಲ್ಲಿ. ಈ ವಿದ್ಯೆ ಹುಟ್ಟಿದ್ದು ಬ್ರಿಟನ್ನಿನಲ್ಲಿ, ಅಲ್ಲಿನ ರಸ್ತೆಗಳಿಗಾಗಿ. ಅಲ್ಲಿ ನಂಬರ್ ಪ್ಲೇಟಿನ ಅಕ್ಷರ ನೋಡಿದರೆ ಕಾರು ಯಾವ ಸೀಮೆಯ ಕಚೇರಿಯಲ್ಲಿ ನೋಂದಣಿ ಆಯ್ತು ಅನ್ನೋದು ತಿಳಿಯುತ್ತೆ. 1963ರಿಂದ ವರ್ಷ ತೋರಿಸುವ ಅಕ್ಷರವನ್ನೂ ಪ್ಲೇಟಿಗೆ ಸೇರಿಸೋಕೆ ಶುರುಮಾಡಿದರು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ಕಡ್ಡಾಯ ತಪಾಸಣೆ ಬಂತು, ಕೆಲವೇ ವರ್ಷಗಳಲ್ಲಿ ಆ ಮಿತಿ ಮೂರು ವರ್ಷಕ್ಕೆ ಇಳಿಯಿತು. ತಪಾಸಣೆಯಲ್ಲಿ ಫೇಲಾದ ಹಳೇ ಗಾಡಿಗಳು ಗುಜರಿಗೆ ಹೋದವು. ಹಾಗಾಗಿ ಅಲ್ಲಿನ ಬೀದಿ ಫೋಟೋದಲ್ಲಿ ನಿಂತ ಕಾರುಗಳಿಂದ ಫೋಟೋದ ಕಾಲವನ್ನ ಊಹಿಸಿದರೆ ನಾಲ್ಕಾರು ವರ್ಷ ಆಚೀಚೆ ಆಗಬಹುದು ಅಷ್ಟೇ.

ಅದೇ ಅಳತೆಗೋಲು ತಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಫೋಟೋಗೆ ಹಿಡಿದರೆ ಕೋಲೇ ಮುರಿಯುತ್ತೆ. ನಮ್ಮಲ್ಲಿ ಕಾರು ಸಾಯ್ತಿರಲಿಲ್ಲ, ಕೈ ಬದಲಾಯಿಸ್ತಿತ್ತು. ಮೊದಲು ಮದ್ರಾಸಿನ ವಕೀಲರ ಮನೆಯಲ್ಲಿ, ಆಮೇಲೆ ಬಳ್ಳಾರಿಯ ಹತ್ತಿ ವ್ಯಾಪಾರಿ ಹತ್ತಿರ, ಅಲ್ಲಿಂದ ಹಳ್ಳಿಯ ಸಾವ್ಕಾರ್ರ ಅಂಗಳಕ್ಕೆ, ಕೊನೆಗೆ ಮದುವೆ ದಿಬ್ಬಣದ ಬಾಡಿಗೆಗೆ. ಹೀಗೆ ಒಂದು ಗಾಡಿ ಮೂವತ್ತು ವರ್ಷ ಬಾಳೋದು ದೊಡ್ಡ ವಿಷಯವೇ ಆಗಿರಲಿಲ್ಲ. ಹೊಸದು ಸಿಗೋದೂ ಕಷ್ಟವಿತ್ತು. 1953ರಲ್ಲಿ ಕೇಂದ್ರ ಸರ್ಕಾರ, ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸಿ ಮಾರುವ ಕಂಪನಿಗಳು ಅಂಗಡಿ ಮುಚ್ಚಬೇಕು ಅಂದಿತು. ಆಮೇಲೆ ಉಳಿದ ಕಾರು ಕಂಪನಿಗಳನ್ನ ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ನಮ್ಮ ಕಡೆಯ ಫೋಟೋದಲ್ಲಿ 1949ರ ಆಸ್ಟಿನ್ ಕಂಡರೆ ಅದರಿಂದ ಖಚಿತವಾಗಿ ಹೇಳೋಕಾಗುವ ಮಾತು ಒಂದೇ: ಫೋಟೋ 1949ಕ್ಕಿಂತ ಹಿಂದಿನದಲ್ಲ. ಅದು 1952ರದ್ದೂ ಇರಬಹುದು, 1974ರದ್ದೂ ಇರಬಹುದು.

ಇನ್ನೊಂದು ತೊಡಕು, ಒಂದೇ ಮುಖ ದಶಕಗಟ್ಟಲೆ ಉಳಿದದ್ದು. ಬ್ರಿಟನ್ನಿನಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ 1956ರಲ್ಲಿ ಬಂದು ಮೂರ‍್ನಾಲ್ಕು ವರ್ಷದಲ್ಲಿ ಮುಗಿಯಿತು. ಅದೇ ದೇಹ ನಮ್ಮಲ್ಲಿ ಅಂಬಾಸಿಡರ್ ಅಂತ ಹೆಸರಿಟ್ಟುಕೊಂಡು 2014ರವರೆಗೆ ಕಾರ್ಖಾನೆಯಿಂದ ಬರ್ತಾನೇ ಇತ್ತು. ಬ್ರಿಟಿಷ್ ಕಣ್ಣಿಗೆ ಅದು ಐವತ್ತರ ದಶಕದ ಕಾರು. ನಮಗೆ ಅದು ಮೊನ್ನೆ ಮೊನ್ನೆ ತಹಸೀಲ್ದಾರ್ರು ಇಳಿದು ಹೋದ ಗಾಡಿ. ಇಲ್ಲಿ ಕಾಲ ಹುಡುಕಬೇಕಾದರೆ ಸಣ್ಣ ಸಣ್ಣದನ್ನೇ ನೋಡಬೇಕು. ಬಾನೆಟ್ಟು ನುಣ್ಣಗೆ, ಹಿಂಭಾಗ ಗುಂಡಗೆ ಇದ್ದರೆ ಲ್ಯಾಂಡ್‌ಮಾಸ್ಟರ್. ಬಾನೆಟ್ಟಿನಲ್ಲಿ ತಗ್ಗು ಗೆರೆಗಳು, ಹಿಂದೆ ಸಣ್ಣ ರೆಕ್ಕೆಯಂಥ ಅಂಚು ಇದ್ದರೆ ಅಂಬಾಸಿಡರ್. ಮುಂದಿನ ಜಾಲರಿ ಚೌಕಳಿ ಚೌಕಳಿಯಾಗಿದ್ದರೆ ಅರವತ್ತರ ದಶಕದಲ್ಲಿ ಬಂದ ಮಾರ್ಕ್ 2. ಮಾರ್ಕ್ 3 ಬರೋ ಹೊತ್ತಿಗೆ, ಅಂದ್ರೆ 1975ಕ್ಕೆ, ಜಾಲರಿ ಮತ್ತೆ ಬದಲಾಯ್ತು.

ಇನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್. 1961ರಲ್ಲಿ ಬಂದಾಗ ಅದಕ್ಕೆ ಎರಡೇ ಬಾಗಿಲು. ನಂತರದ ವರ್ಷಗಳಲ್ಲಿ ನಾಲ್ಕಾಯ್ತು, ಯಾಕಂದ್ರೆ ನಮ್ಮ ಮಂದಿ ಸಂಸಾರ ಸಮೇತ ಹತ್ತುವವರು. ನಾಲ್ಕು ಬಾಗಿಲಿನ ಹೆರಾಲ್ಡ್ ಬ್ರಿಟನ್ನಿನಲ್ಲಿ ತಯಾರಾಗಲೇ ಇಲ್ಲ. ಅಲ್ಲಿನ ಪಂಡಿತರು ಈ ಫೋಟೋ ನೋಡಿ ತಲೆ ಕೆರೆದುಕೊಳ್ಳಬೇಕು ಅಷ್ಟೇ. ಬ್ರಿಟಿಷ್ ಹೆಸರು ಹೊತ್ತಿದ್ದರೂ ಇದನ್ನ ಬ್ರಿಟಿಷ್ ಕಾರು ಅನ್ನೋಕಾಗುತ್ತಾ?

ನಂಬರ್ ಪ್ಲೇಟಿನದು ಇನ್ನೊಂದು ಕತೆ. ನಮ್ಮ ಭಾಗದ ಫೋಟೋದಲ್ಲಿ ಮದ್ರಾಸಿನ ಅಕ್ಷರ ಕಂಡ ಕೂಡಲೇ "ಇದು ಮದ್ರಾಸಿಗೆ ಹೋದಾಗ ತೆಗೆಸಿದ್ದು" ಅಂತ ಬರೆಯುವವರಿದ್ದಾರೆ. ಸ್ವಾಮಿ, 1953ರ ಅಕ್ಟೋಬರ್ 1ರವರೆಗೆ ನಾವೇ ಮದ್ರಾಸಿನಲ್ಲಿದ್ವಿ! ಬಳ್ಳಾರಿ ಜಿಲ್ಲೆ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಆಂಧ್ರ ರಾಜ್ಯ ಹುಟ್ಟಿದ ದಿನ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿ ಏಳು ತಾಲ್ಲೂಕು ಮೈಸೂರಿಗೆ ಬಂದವು. ಅಲ್ಲಿಂದ ಮುಂದೆ ಪ್ಲೇಟಿನಲ್ಲಿ ಮೈಸೂರಿನ 'ಎಂವೈ' ಬರಬೇಕು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ, ಪ್ಲೇಟಿಗೆ 'ಕೆಎ' ಬಂದದ್ದು 1989ರಲ್ಲಿ. ಅಂದ್ರೆ ಅಂಗಳ ಬಿಟ್ಟು ಎಲ್ಲೂ ಹೋಗದ ಕುಟುಂಬದ ಕಾರು ಕೂಡ ರಾಜ್ಯ ಬದಲಾಯಿಸಿದೆ. ಇದನ್ನ ಲಂಡನ್ನಿನ ಯಾವ ಕೈಪಿಡಿಯೂ ಹೇಳಿಕೊಡಲ್ಲ.

ಒಂದು ಫೋಟೋ ಕಲ್ಪಿಸಿಕೊಳ್ಳಿ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಸ್ಥಾನದ ಮುಂದೆ ಒಂದು ಕಾರು. ಬಾನೆಟ್ಟಿನ ಮೇಲೆ ಚಡ್ಡಿ ಹಾಕಿದ ಹುಡುಗ. ಮಡ್‌ಗಾರ್ಡಿಗೆ ಕೈ ಊರಿ ಪೇಟ ಸುತ್ತಿದ ಯಜಮಾನ. ಬಾಗಿಲ ಹತ್ತಿರ ಇಬ್ಬರು ಗಂಡಸರು. ಅಂಚಿನಲ್ಲಿ, ಇನ್ನೇನು ಚೌಕಟ್ಟಿನಿಂದ ಹೊರಗೆ ಹೋಗಿಬಿಡ್ತಾಳೆ ಅನ್ನೋ ಹಂಗೆ, ತಲೆ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು. ಸ್ಟೀರಿಂಗ್ ಪಕ್ಕ ನೆರಳಿನಲ್ಲಿ ಡ್ರೈವರ್.

ಹವ್ಯಾಸಿ ಏನಂತಾನೆ? "ಲ್ಯಾಂಡ್‌ಮಾಸ್ಟರ್, 1954ರಿಂದ 1958ರ ಒಳಗೆ." ಮುಗೀತು, ಫೈಲಿಗೆ ಆ ಹೆಸರಿಟ್ಟು ಸೇವ್.

ಈಗ ನಿಧಾನವಾಗಿ ನೋಡೋಣ. ಫೋಟೋ ಚೌಕಾಕಾರ, ಸುತ್ತ ಬಿಳಿ ಅಂಚು. ಅರವತ್ತು ಎಪ್ಪತ್ತರ ದಶಕದಲ್ಲಿ ಮಧ್ಯಮ ವರ್ಗದ ಕೈಗೆ ಬಂದ ಅಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ ಇಂಥ ಹನ್ನೆರಡು ಚೌಕ ಬರ್ತಿದ್ವು. ಅದರದ್ದೇ ಆಗಿದ್ದರೆ ಕಾರಿಗೆ ಆಗಲೇ ಹತ್ತು ಹದಿನೈದು ವರ್ಷ. ಸ್ಟೀರಿಂಗ್ ಎಡಗಡೆ ಕಾಣ್ತಿದ್ದರೆ, ಪ್ಲೇಟಿನ ಅಕ್ಷರ ತಿರುಗುಮುರುಗಾಗಿದ್ದರೆ, ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ದಾರೆ ಅಂತ. ಫೋಟೋ ಹಿಂದೆ ಸ್ಟುಡಿಯೋ ಮುದ್ರೆ ಇದೆಯಾ ನೋಡಿ. ಇನ್ನೂ ಹಿಂದೆ ದೇವಸ್ಥಾನ ಇದೆಯಲ್ಲ, ಅದನ್ನೂ ಕೇಳಿ. ಉಜ್ಜಿನಿಯ ಜಾತ್ರೆಯಲ್ಲಿ ಪ್ರತಿ ಬೇಸಿಗೆ ಶಿಖರಕ್ಕೆ ತೈಲಾಭಿಷೇಕ ಆಗುತ್ತೆ. ಕಪ್ಪು ಬಿಳುಪಿನಲ್ಲೂ ಶಿಖರ ಹೊಸದಾಗಿ ಎಣ್ಣೆ ಕುಡಿದು ಮಿಂಚುತ್ತಿದ್ದರೆ, ಕಾರು ಎಂದೂ ಹೇಳಲಾರದ ಸಂಗತಿ ಸಿಕ್ಕಿತು: ಜಾತ್ರೆಯ ದಿನಗಳು.

ಮುಖ್ಯವಾದದ್ದು ಇನ್ನೂ ಇದೆ. ಉಜ್ಜಿನಿ ವೀರಶೈವ ಪಂಚಪೀಠಗಳಲ್ಲಿ ಒಂದು ಇರುವ ಊರು. ದೂರದೂರದಿಂದ ಭಕ್ತರು ಬರುವ ಜಾಗದಲ್ಲಿ ನಿಂತ ಕಾರು ಪಕ್ಕದಲ್ಲಿ ನಿಂತವರದ್ದೇ ಅಂತ ಯಾಕೆ ನಂಬಬೇಕು? ಕಾರು ಅಪರೂಪವಾಗಿದ್ದ ಕಾಲದಲ್ಲಿ ಅದರ ಪಕ್ಕ ನಿಂತು ಫೋಟೋ ತೆಗೆಸೋದೇ ಒಂದು ಸಂಭ್ರಮ. ಹಳೇ ಸ್ಟುಡಿಯೋಗಳಲ್ಲಿ, ಜಾತ್ರೆಯ ಟೆಂಟುಗಳಲ್ಲಿ ರಟ್ಟಿನ ಕಾರು, ಪರದೆ ಮೇಲೆ ಬರೆದ ಕಾರು ಕೂಡ ಇರ್ತಿದ್ವು. ಆ ಕಾರಿನ ಮಾಡೆಲ್ ಹುಡುಕುತ್ತಾ ಕೂತವನ ಗತಿ ಏನು!

ಇದೇ ಫೋಟೋ ಹಿಡಿದು ಮನೆಯ ಹಿರಿಯರನ್ನ ಕೇಳಿದರೆ ಇಂಥ ಉತ್ತರ ಬರಬಹುದು: "ಅದು ಎಲ್ಲಿ ನಮ್ದಪ್ಪಾ, ಕೊಟ್ಟೂರು ಸಾವ್ಕಾರ್ರ ಪ್ಲೆಷರ್ರು. ನಿಂತ್ಕಳ್ರಿ ಅಂದ್ರು, ನಿಂತ್ಕಂಡ್ವಿ." ಈ ಒಂದು ಮಾತಿನಲ್ಲಿ ಕಾರಿನ ಒಡೆಯ ಇದ್ದಾನೆ, ಊರಿದೆ, ಯಾರು ಯಾರಿಗೆ "ನಿಂತ್ಕಳ್ರಿ" ಅನ್ನಬಹುದಿತ್ತು ಅನ್ನೋ ಲೆಕ್ಕ ಇದೆ, ಕಾರಿಗೆ ನಮ್ಮ ಹಿರಿಯರು ಇಟ್ಟ ಹೆಸರೂ ಇದೆ. ಕಾರಿಗೆ ಕೈ ಊರೋಕೆ ಯಾರಿಗೆ ಅವಕಾಶ ಇತ್ತು, ಯಾರಿಗೆ ದೂರದಿಂದ ನೋಡುವ ಅವಕಾಶವೂ ಇರಲಿಲ್ಲ ಅನ್ನೋದು ಬಂಪರ್ ನೋಡಿದರೆ ತಿಳಿಯಲ್ಲ. ಜಾತಿ, ಜಮೀನು, ಸಾಲ ಎಲ್ಲ ಆ ನಾಲ್ಕು ಇಂಚು ಕಾಗದದ ಮೇಲೆ ನಿಂತಿರುತ್ತೆ.

"ನಮ್ಮ ಕೆಲಸ ಕಾರು ಗುರುತಿಸೋದು, ವಂಶವೃಕ್ಷ ಬರೆಯೋದಲ್ಲ" ಅಂತ ಹವ್ಯಾಸಿಗಳು ಹೇಳಬಹುದು. ಬೇರೆಯವರ ಫೋಟೋ ಆಗಿದ್ದರೆ ಆ ಮಾತು ಒಪ್ಪೋಣ. ಆದರೆ ಇದು ನಿಮ್ಮದೇ ಮನೆಯ ಆಲ್ಬಮ್ಮು. ನೀವು ಬರೆದ ಅಡಿಬರಹವೇ ನಿಮ್ಮ ಮಕ್ಕಳಿಗೆ ಚರಿತ್ರೆ ಆಗುತ್ತೆ. ಕಾರಿಗೆ ಕಂಪನಿ, ಮಾಡೆಲ್, ಎಂಜಿನ್ನಿನ ಸಿಸಿವರೆಗೆ ಬರೆದು, ಪಕ್ಕದವಳಿಗೆ "ಒಬ್ಬ ಮಹಿಳೆ" ಅಂತ ಬರೆದರೆ, ಡ್ರೈವರನ್ನ ಕ್ರಾಪ್ ಮಾಡಿದರೆ, ಆ ಚರಿತ್ರೆಯಲ್ಲಿ ಉಳಿಯೋದು ತಗಡು ಮಾತ್ರ. ಈಗ ಮೊಬೈಲ್ ಆಪ್‌ಗಳು ಇದಕ್ಕೆ ಬಣ್ಣವನ್ನೂ ಹಚ್ಚಿಕೊಡ್ತವೆ. ಕಾರು ಚಂದದ ಮರೂನ್ ಆಗುತ್ತೆ, ಆ ಬಣ್ಣ ಯಾರೂ ಕಂಡದ್ದಲ್ಲ.

2010ರಲ್ಲಿ ಅನುಷಾ ಯಾದವ್ ಶುರುಮಾಡಿದ ಇಂಡಿಯನ್ ಮೆಮರಿ ಪ್ರಾಜೆಕ್ಟ್ ಬೇರೆ ದಾರಿ ಹಿಡಿಯಿತು. ಅಲ್ಲಿ ಮನೆಯ ಫೋಟೋ ಜೊತೆ ಆ ಮನೆಯವರು ಹೇಳಿದ ಕತೆಯೂ ಬರಬೇಕು. ಕತೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಇಸವಿ ತಪ್ಪಿರಬಹುದು. ಅದನ್ನ ತಿದ್ದೋಕೆ ಕಾರು ಬಲ್ಲವರು ಬೇಕೇಬೇಕು. ಎರಡೂ ಒಟ್ಟಿಗೆ ಕೂತರೆ ಅದಕ್ಕಿಂತ ಒಳ್ಳೇ ಕೆಲಸ ಇಲ್ಲ. ಕಾರು "ಇದಕ್ಕಿಂತ ಹಿಂದಿನದಲ್ಲ" ಅಂತ ಬೇಲಿ ಹಾಕಲಿ, ಬೇಲಿಯ ಒಳಗಿನ ಬದುಕನ್ನ ಮನುಷ್ಯರು ಹೇಳಲಿ.

ನಮ್ಮ ಕಡೆ ಒಂದು ಗಾದೆ ಇದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಉಜ್ಜಿನಿ ಗುಡಿಯ ಕೆತ್ತನೆ ನೋಡಬೇಕಾದರೆ ಹೊರಗೆ ನಿಂತರೆ ಆಗಲ್ಲ, ಒಳಗೆ ಹೋಗಿ ಕತ್ತೆತ್ತಬೇಕು. ಹಳೇ ಫೋಟೋಗಳೂ ಉಜ್ಜಿನಿಯ ಜಾತಿಗೆ ಸೇರಿದವು. ಕಾರು ಅದರ ಹೊರಗೋಡೆ.

ಹಾಗಾಗಿ ಮುಂದಿನ ಸಲ ಊರಿಗೆ ಹೋದಾಗ ಸ್ಕ್ಯಾನರ್ ಜೊತೆ ಮೊಬೈಲಿನ ರೆಕಾರ್ಡರನ್ನೂ ಆನ್ ಮಾಡಿ. ಮೊದಲು "ಅಜ್ಜೀ, ಇವರೆಲ್ಲ ಯಾರು?" ಅಂತ ಕೇಳಿ, ಕಾರಿನ ಪ್ರಶ್ನೆ ಕೊನೆಗಿರಲಿ. ಲ್ಯಾಂಡ್‌ಮಾಸ್ಟರ್ ಯಾವುದು ಅಂತ ಹೇಳುವವರು ಐವತ್ತು ವರ್ಷ ಬಿಟ್ಟೂ ಸಿಕ್ತಾರೆ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಸೆರಗು ಹೊದ್ದು ಅಂಚಿನಲ್ಲಿ ನಿಂತವಳ ಹೆಸರು ಗೊತ್ತಿರುವವರು ಊರಲ್ಲಿ ಈಗ ಒಬ್ಬರೋ ಇಬ್ಬರೋ. ಅವರಿಗೂ ಕಣ್ಣು ಮಂಜಾಗ್ತಿದೆ.