ಮಿತ್ರರಾಷ್ಟ್ರಗಳ ಸೈನ್ಯಬಲ: ಒಂದು ಕೋಷ್ಟಕದ ವಿಮರ್ಶೆ

ಮೊದಲನೆಯ ಮಹಾಯುದ್ಧದಲ್ಲಿ (1914–18) ಮಿತ್ರರಾಷ್ಟ್ರಗಳ ಸೈನ್ಯಗಳ ಗಾತ್ರವನ್ನು ಹೋಲಿಸುವವರು ಸಾಮಾನ್ಯವಾಗಿ ಅವಲಂಬಿಸುವುದು ಅಮೆರಿಕದ ಯುದ್ಧ ಇಲಾಖೆಯು 1924ರಲ್ಲಿ ವರದಿ ಮಾಡಿದ ಕೋಷ್ಟಕವನ್ನು. ಅದರಂತೆ ರಷ್ಯ 120 ಲಕ್ಷ, ಬ್ರಿಟಿಷ್ ಸಾಮ್ರಾಜ್ಯ 89 ಲಕ್ಷ, ಫ್ರಾನ್ಸ್ 84 ಲಕ್ಷ, ಇಟಲಿ 56 ಲಕ್ಷ, ಅಮೆರಿಕ ಸುಮಾರು 43 ಲಕ್ಷ ಜನರನ್ನು ಸೇನೆಗೆ ಸೇರಿಸಿದ್ದವು. ಈ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಕಂಡ ವಿದ್ಯಾರ್ಥಿಯು ಅದನ್ನು ಆಯಾ ರಾಷ್ಟ್ರದ ಬಲದ, ಅಷ್ಟೇ ಅಲ್ಲ, ತ್ಯಾಗದ ಶ್ರೇಣಿಯೆಂದೇ ಗ್ರಹಿಸುವುದು ಸಹಜ. ಆದರೆ ಅಂತಹ ನಿರ್ಣಯಕ್ಕೆ ಈ ಕೋಷ್ಟಕವು ಆಧಾರವಾಗಲಾರದು.

ಮೊದಲನೆಯದಾಗಿ, ಇವು ಯುದ್ಧಾವಧಿಯ ಒಟ್ಟು ಮೊತ್ತಗಳೇ ಹೊರತು ಯಾವುದೇ ಒಂದು ದಿನದ ಬಲವಲ್ಲ. ರಷ್ಯವು 1918ರ ಮಾರ್ಚಿಯಲ್ಲಿ ಬ್ರೆಸ್ಟ್-ಲಿಟೋವ್ಸ್ಕ್ ಒಪ್ಪಂದದಿಂದ ಯುದ್ಧವನ್ನು ತೊರೆಯಿತು. ಅಮೆರಿಕವು 1917ರ ಏಪ್ರಿಲಿನಲ್ಲಿ ಪ್ರವೇಶಿಸಿತು. ಕದನವಿರಾಮದ ವೇಳೆಗೆ ಫ್ರಾನ್ಸಿನಲ್ಲಿದ್ದ ಅದರ ಸೈನಿಕರು ಸುಮಾರು 20 ಲಕ್ಷ. ಪೂರ್ಣಬಲದಿಂದ ಎಂದೂ ಜತೆಯಾಗಿ ನಿಲ್ಲದ ಈ ಎರಡು ಸೈನ್ಯಗಳನ್ನು ಕೂಡಿಸಿದರೆ ಬರುವುದು ಗಣಿತದ ಮೊತ್ತವೇ ವಿನಾ ಇತಿಹಾಸದ ಸಂಗತಿಯಲ್ಲ.

ಎರಡನೆಯದಾಗಿ, ಸೇನೆಗೆ ಸೇರಿದ್ದೂ ಹೋರಾಡಿದ್ದೂ ಒಂದೇ ಅಲ್ಲ. ಕೋಷ್ಟಕದಲ್ಲಿ ಜಪಾನಿಗೆ 8 ಲಕ್ಷ, ಸರ್ಬಿಯಕ್ಕೆ 7 ಲಕ್ಷ. ನೋಟಕ್ಕೆ ಇವು ಸಮೀಪದ ಅಂಕಿಗಳು. ಜಪಾನಿನ ಮುಖ್ಯ ಭೂಕಾರ್ಯಾಚರಣೆಯು 1914ರ ತ್ಸಿಂಗ್‌ಟಾವ್ ಮುತ್ತಿಗೆಯೊಂದಿಗೆ ಮುಗಿಯಿತು. ಸುಮಾರು 45 ಲಕ್ಷ ಜನಸಂಖ್ಯೆಯ ಸರ್ಬಿಯವಾದರೋ ನೆಲವನ್ನೇ ಕಳೆದುಕೊಂಡು, 1915ರ ಚಳಿಗಾಲದಲ್ಲಿ ಆಲ್ಬೇನಿಯದ ಪರ್ವತಗಳ ಮೂಲಕ ಹಿಮ್ಮೆಟ್ಟಿ, ಸಲೋನಿಕ ರಣರಂಗದಿಂದ ಮರಳಿ ಬಂದು ಹೋರಾಡಿತು. ಈ ಅಂತರವನ್ನು ಕೋಷ್ಟಕವು ತಿಳಿಸುವುದಿಲ್ಲ.

ಮೂರನೆಯದೂ ಎಲ್ಲಕ್ಕಿಂತ ಗುರುತರವಾದದ್ದೂ ಶೀರ್ಷಿಕೆಯ ದೋಷ. ಭಾರತದಲ್ಲಿ ಯುದ್ಧಾವಧಿಯಲ್ಲಿ ಭರ್ತಿಯಾದವರು 14 ಲಕ್ಷಕ್ಕೂ ಮಿಕ್ಕು: ಯೋಧರು 8.77 ಲಕ್ಷ, ಯೋಧೇತರರು 5.63 ಲಕ್ಷ. ಯೋಧರನ್ನಷ್ಟೇ ಎಣಿಸಿದರೂ ಭಾರತವು ಜಪಾನ್, ರುಮೇನಿಯ, ಸರ್ಬಿಯಗಳಿಗಿಂತ ಮೇಲೆ, ಆರನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಆದರೆ ಕೋಷ್ಟಕದಲ್ಲಿ ಅದರ ಹೆಸರೇ ಇಲ್ಲ. ‘ಬ್ರಿಟಿಷ್ ಸಾಮ್ರಾಜ್ಯ’ದಲ್ಲಿ ಅದು ಅಡಗಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವಸೈನ್ಯದೊಡನೆ ಹೈಫಾ ನಗರದ ವಿಜಯದಲ್ಲಿ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ದಳವಂತೂ ಭಾರತ ಸರ್ಕಾರದ ಸೈನ್ಯಕ್ಕೂ ಸೇರದ, ಸಂಸ್ಥಾನದ ಪಡೆ; ಅದು ಇನ್ನೂ ಒಂದು ಪದರ ಕೆಳಗೆ ಮರೆಯಾಗಿದೆ. 1919ರ ವರ್ಸೈ ಒಪ್ಪಂದಕ್ಕೆ ಭಾರತದ ಪರವಾಗಿ ಮಾಂಟೆಗು ಅವರೂ ಬಿಕಾನೇರದ ಮಹಾರಾಜ ಗಂಗಾಸಿಂಹರೂ ಪ್ರತ್ಯೇಕವಾಗಿ ಸಹಿ ಹಾಕಿದರು. ಸಂಧಿಪತ್ರದಲ್ಲಿ ದೊರೆತ ಹೆಸರು ಐದು ವರ್ಷಗಳ ತರುವಾಯ ಬಂದ ಅಂಕಿಅಂಶದಲ್ಲಿ ದೊರೆಯದೆ ಹೋದುದು ವಿಚಾರಾರ್ಹ.

ಹಾಗೆಂದು ಈ ಸಂಖ್ಯೆಯನ್ನು ಅಭಿಮಾನದ ಸಾಧನವಾಗಿಸಿಕೊಳ್ಳುವುದೂ ಯುಕ್ತವಲ್ಲ. 1911ರ ಜನಗಣತಿಯಂತೆ ಭಾರತದ ಜನಸಂಖ್ಯೆ 31.5 ಕೋಟಿ, ಭರ್ತಿಯಾದವರು ಇನ್ನೂರಕ್ಕೆ ಒಬ್ಬರೂ ಅಲ್ಲ. ಫ್ರಾನ್ಸಿನಲ್ಲಿಯಾದರೋ ಸುಮಾರು ಐವರಿಗೆ ಒಬ್ಬರು. ಪಂಜಾಬಿನಿಂದ ಅತ್ಯಧಿಕವಾಗಿ ನಡೆದ ಭರ್ತಿಯನ್ನು ಇಡೀ ದೇಶದ ಹೆಸರಿಗೆ ಬರೆದಾಗ ಅದೇ ದೋಷವು ನಮ್ಮಿಂದಲೂ ಘಟಿಸುತ್ತದೆ.

ಆದುದರಿಂದ ಸೈನ್ಯಗಳ ತುಲನೆಗೆ ತೊಡಗುವವರು ಯಾವ ದಿನದ ಲೆಕ್ಕ, ಯಾರನ್ನು ಎಣಿಸಿದೆ, ಎಷ್ಟು ಜನರಲ್ಲಿ ಎಷ್ಟು, ಯಾರ ಹೆಸರಿನಲ್ಲಿ ಎಂಬ ನಾಲ್ಕನ್ನೂ ಅಂಕಿಯ ಪಕ್ಕದಲ್ಲಿಯೇ ನಮೂದಿಸುವುದು ಅವಶ್ಯಕ. ಇವುಗಳಿಲ್ಲದ ಕೋಷ್ಟಕವು ಉತ್ತರವನ್ನು ಕೊಟ್ಟಂತೆ ತೋರಿ ಪ್ರಶ್ನೆಯನ್ನೇ ಮುಚ್ಚುತ್ತದೆ.