ಗೋವಿನ ಹಾಡಿನ ಹುಲಿ

ಗೋವಿನ ಹಾಡೆಂದೊಡನೆ ನಾವು ಪುಣ್ಯಕೋಟಿಯ ಸತ್ಯನಿಷ್ಠೆಯನ್ನು ಕೊಂಡಾಡುತ್ತೇವೆ. ಅದು ಯುಕ್ತವೇ. ಆದರೆ ಹುಲಿಯ ಪಾತ್ರವನ್ನು ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸಿದ್ದೇವೆಯೆ? ಹಸಿದ ಹುಲಿ ಬೇಟೆಗೆ ಹೊರಟದ್ದು ಅದರ ಸ್ವಭಾವ. ಕೊಟ್ಟ ಮಾತಿನಂತೆ ಹಸು ಮರಳಿದಾಗ ಅದರ ಮನಸ್ಸು ಕರಗುತ್ತದೆ. ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಈ ಮುಕ್ತಾಯ ಹೃದಯಸ್ಪರ್ಶಿಯೆಂಬುದರಲ್ಲಿ ಸಂಶಯವಿಲ್ಲ. ಆದರೂ ಹುಲ್ಲು ಮೇಯುವ ಪ್ರಾಣಿಯ ಅಳತೆಗೋಲಿನಿಂದ ಮಾಂಸಾಹಾರಿಯನ್ನು ಅಳೆದಂತಾಯಿತಲ್ಲವೆ? ಸತ್ತ ಮೇಲೆಯೇ ಹುಲಿಗೆ ಸಜ್ಜನಿಕೆ!

ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ನೋಡಿದವನು ಅಮೆರಿಕದ ಆಲ್ಡೊ ಲಿಯೊಪೋಲ್ಡ್. ಅವನು ತೀರಿಕೊಂಡ ಮರುವರ್ಷ, 1949ರಲ್ಲಿ, ಪ್ರಕಟವಾದ ಗ್ರಂಥದ ಒಂದು ಪ್ರಬಂಧ ಅವನ ತಾರುಣ್ಯದ ಘಟನೆಯನ್ನು ನಿರೂಪಿಸುತ್ತದೆ. ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುವುವೆಂದು ನಂಬಿದ್ದ ಆತ ಜೊತೆಗಾರರೊಡನೆ ತೋಳಗಳ ಹಿಂಡಿಗೆ ಗುಂಡಿಕ್ಕಿದನು. ಸಾಯುತ್ತಿದ್ದ ಹೆಣ್ಣುತೋಳದ ಕಣ್ಣಿನ ಕಾಂತಿ ಆರುವುದನ್ನು ಕಂಡನು. ಮುಂದೆ ತೋಳವಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ, ಗಿಡಗಳನ್ನು ಬೋಳಾಗಿಸಿ, ಹಸಿವಿನಿಂದ ಸತ್ತವೆಂದು ಬರೆಯುತ್ತಾನೆ. (ಅಂತಹ ಜಿಂಕೆಗಳ ಲೆಕ್ಕಾಚಾರವನ್ನು ಅನಂತರದ ವಿಜ್ಞಾನಿಗಳು ಪ್ರಶ್ನಿಸಿರುವುದುಂಟು.) ಇಲ್ಲಿಯೂ ಪಶ್ಚಾತ್ತಾಪವಿದೆ, ಆದರೆ ಪಶ್ಚಾತ್ತಾಪಪಡುವವನು ಮನುಷ್ಯ, ಮೃಗವಲ್ಲ. ತೋಳ ತೋಳವಾಗಿದ್ದುಕೊಂಡೇ ಬೆಟ್ಟಕ್ಕೆ ಬೇಕಾದುದು.

ನಮ್ಮ ಜನಪದ ಕವಿಯನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ದನಗಾಹಿಯ ದೊಡ್ಡಿಯಿಂದ ನೋಡಿದರೆ ಹುಲಿ ಶತ್ರುವೇ. ಅವನ ನಷ್ಟವನ್ನು ಲಿಯೊಪೋಲ್ಡನ ಪ್ರಬಂಧ ತೂಗಿದ್ದು ಸಾಲದು. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡಂಚಿನಲ್ಲಿ ಇಂದಿಗೂ ಹುಲಿ ಹಸುವನ್ನು ಹಿಡಿಯುವುದುಂಟು. ಅರಣ್ಯ ಇಲಾಖೆಯಿಂದ ಪರಿಹಾರವುಂಟು, ನಿಜ. ಆದರೆ ಕೊಟ್ಟಿಗೆಯಲ್ಲಿ ಉಳಿದ ಕರುವಿನ ಕೂಗನ್ನು ನಮಗೆ ಕೇಳಿಸುವುದು ಈಗಲೂ ಗೋವಿನ ಹಾಡೇ.