ಖಾಲಿ ಸೈಟಿನ ಕಸ

ಈ ವಾರ ಬನ್ನಿಯ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣ’ ಎಂದು ಕೈಗಿಡುವ ಎಲೆ ಅಸಲಿ ಬನ್ನಿಯದೋ ಅಲ್ಲವೋ ಎಂಬ ಜಗಳ ಮುಂದಿನ ದಸರೆಗೂ ಇರುತ್ತದೆ. ನಮ್ಮ ಓಣಿಯ ಖಾಲಿ ಸೈಟು ಅಲ್ಲಿತನಕ ಇರುವುದಿಲ್ಲ. ದೀಪಾವಳಿಗೆ ಮುಂಚೆ ಜೆಸಿಬಿ ಬಂದೇ ಬರುತ್ತದೆ.

ಹುಬ್ಬಳ್ಳಿ-ಧಾರವಾಡದ ಶರದೃತುವನ್ನು ಇಂಥ ಸೈಟಿನಲ್ಲೇ ನೋಡಬೇಕೆಂಬುದು ನನ್ನ ಹಳೇ ಹಟ. ಮೊಳದುದ್ದದ ಲೆನ್ಸ್ ಹೊತ್ತು ಕೆಲಗೇರಿ, ಉಣಕಲ್ ಕೆರೆ ಸುತ್ತುವ ಗೆಳೆಯರು ಒಪ್ಪುವುದಿಲ್ಲ. ಅವರಿಗೆ ಪಟ್ಟಿಗೆ ಸೇರಿಸಲು ಹೊಸ ಹಕ್ಕಿಯೊಂದು ಬೇಕು. ಸೆಪ್ಟೆಂಬರಿನಲ್ಲೇ ಉತ್ತರದಿಂದ ಬಂದು ಗಟಾರದ ಅಂಚಿಗೆ ಬಾಲ ಕುಣಿಸುತ್ತಿರುವ ಬೂದು ಸಿಪಿಲೆಯನ್ನು ದಾಟಿಯೇ ಅವರ ಬೈಕು ಕೆರೆಗೆ ಹೋಗುತ್ತದೆ.

ಇನ್ನೊಂದು ಪಂಗಡಕ್ಕೆ ಹಸಿರೆಲ್ಲ ಕಾಂಗ್ರೆಸ್ ಕಸ. ಅದರ ಪರ ನಾನೂ ವಕಾಲತ್ತು ಹಾಕುವುದಿಲ್ಲ. ಅದನ್ನು ತಿನ್ನಲೆಂದು 1980ರ ದಶಕದಲ್ಲಿ ಮೆಕ್ಸಿಕೋದಿಂದ ತರಿಸಿದ ದುಂಬಿಯೂ ಮಳೆ ಹಿಂದೆಗೆದಂತೆ ಮಣ್ಣು ಹೊಕ್ಕು ಮಲಗುತ್ತದೆ. ಆದರೆ ಅದೇ ಕಸದ ಸಂದಿಯಲ್ಲಿ ಅಣ್ಣೆ, ತುಂಬೆ, ಎಕ್ಕ ಇವೆ. ಒಣಕಾಯಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವ, ಸೆಣಬಿನ ಬಳಗದ ಹಳದಿ ಹೂವಿನ ಕ್ರೊಟಲೇರಿಯವೂ ಇದೆ. ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಮುಂಬಯಿ ಪ್ರಾಂತದ ಸಸ್ಯಸಂಪುಟಗಳನ್ನು ಹೊರತಂದಾಗ ಧಾರವಾಡ ಆ ಪ್ರಾಂತದಲ್ಲಿತ್ತು. ಹಾದಿಬದಿಯ ಗಿಡವನ್ನೂ ಕಾಡಿನ ಹೆಮ್ಮರವನ್ನೂ ಕುಕ್ ಒಂದೇ ಸಾವಧಾನದಿಂದ ವರ್ಣಿಸುತ್ತಾನೆ. ಸೈಟು ಸ್ವಚ್ಛ ಮಾಡಿಸುವ ಮುನ್ನ ಆ ಪುಟಗಳನ್ನು ಓದಬೇಕು.

ಧಾರವಾಡದಲ್ಲಿ ಪಾತರಗಿತ್ತಿ ಅಂದಕೂಡಲೇ ಬೇಂದ್ರೆ ಪದ್ಯ ಒಪ್ಪಿಸುವವರು ಬೇಕಾದಷ್ಟು ಮಂದಿ. ಅದು ಯಾವ ಗಿಡಕ್ಕೆ ಬರುತ್ತದೆ ಎಂದು ಕೇಳಿ, ಮಾತು ನಿಲ್ಲುತ್ತದೆ. ಬ್ಲೂ ಟೈಗರ್ ಪಾತರಗಿತ್ತಿಗಳು ಈ ಕ್ರೊಟಲೇರಿಯದ ಬಾಡಿದ ಎಲೆಗೆ ಮುತ್ತುತ್ತವೆ, ಕಾಲಿನಿಂದ ಕೆರೆದು ರಸ ಹೀರುತ್ತವೆ. ಬಹುಪಾಲು ಗಂಡುಗಳೇ. ಅವಕ್ಕೆ ಬೇಕಾದದ್ದು ಮಕರಂದವಲ್ಲ, ಗಿಡದ ಆಲ್ಕಲಾಯ್ಡ್. ದನಕರುಗಳಿಗೆ ವಿಷವಾಗುವ ಅದೇ ವಸ್ತು ಇವುಗಳ ಮೈಯಲ್ಲಿ ಹೆಣ್ಣನ್ನು ಒಲಿಸುವ ಗಂಧವಾಗುತ್ತದೆ, ಹಕ್ಕಿಯ ಬಾಯಿಗೆ ಕಹಿಯೂ ಆಗುತ್ತದೆ. ಮುಂಗಾರಿಗೆ ಮುಂಚೆ ಘಟ್ಟ ಬಿಟ್ಟು ಮೂಡಣ ಬಯಲಿಗೆ ಹೋಗುವ ಈ ಬಳಗ ಅಕ್ಟೋಬರ್-ನವೆಂಬರಿನಲ್ಲಿ ಮತ್ತೆ ಘಟ್ಟದ ಕಡೆ ಹೊರಡುತ್ತದೆ. ಮಲೆನಾಡಿನ ಸೆರಗಿಗಿರುವ ನಮ್ಮೂರಲ್ಲಿ ಅಂಥ ಗಿಡವನ್ನು ಕೀಳಿಸಲು ನಾವು ಆರಿಸಿಕೊಂಡದ್ದೂ ಸರಿಯಾಗಿ ಅದೇ ತಿಂಗಳು!

ನೋಡುವವರು ಬಿಸಿಲೇರಿದ ಮೇಲೆ ಹೋಗಿ. ಒಂದು ಟೊಂಗೆ ಮುರಿದು ಬಾಡಲು ಬಿಟ್ಟರೆ ಇನ್ನಷ್ಟು ಬಂದಾವು. ಲೆನ್ಸಿನ ಗೆಳೆಯರೂ ಬರಬಹುದು, ಫೋನಿನ ಕ್ಯಾಮೆರಾ ಸಾಕು.